‘ಗೊಂದಲಿಸು’ ಸರಿಯೇ? ಎರಡು ಬೇರೆ ಸಂಗತಿಗಳನ್ನು ಒಂದೆಂದು ತಿಳಿಯುವುದಕ್ಕೆ ಕನ್ನಡದಲ್ಲಿ ಏನನ್ನುತ್ತೇವೆ?

ಕರಡು ತಿದ್ದುವವಳು:

ವಿಜ್ಞಾನ ಲೇಖನವೊಂದರ ಕರಡು ತಿದ್ದುತ್ತಿದ್ದೇನೆ. ಇವತ್ತಿನ ಅಥವಾ ಈ ವಾರದ ಮಳೆ, ಬಿಸಿಲು, ಗಾಳಿ ಎಲ್ಲವೂ ಹವಾಮಾನ. ಒಂದು ಪ್ರದೇಶದಲ್ಲಿ ಸಾಮಾನ್ಯವಾಗಿ 30 ವರ್ಷಗಳ ಅಳತೆಗಳನ್ನು ಕೂಡಿಸಿ ನೋಡಿದಾಗ ಕಾಣುವ ಸ್ವರೂಪ ವಾಯುಗುಣ. ಡಿಸೆಂಬರಿನಲ್ಲಿ ನಾಲ್ಕು ದಿನ ಹಲ್ಲು ಕಟಕಟ ಎನ್ನುವಂಥ ಚಳಿ ಬಿದ್ದೊಡನೆ ‘ಭೂಮಿ ಬಿಸಿಯಾಗುತ್ತಿದೆ ಎಂಬುದು ಬರೀ ಸುಳ್ಳು’ ಎನ್ನುವವರ ತಪ್ಪನ್ನು ವಿವರಿಸುತ್ತ, ಲೇಖಕರು ‘ಇಂಥವರು ಹವಾಮಾನವನ್ನು ವಾಯುಗುಣದೊಂದಿಗೆ ಗೊಂದಲಿಸುತ್ತಾರೆ’ ಎಂದು ಬರೆದಿದ್ದಾರೆ. ಈ ಕ್ರಿಯಾಪದ ನನ್ನ ಕಿವಿಗೆ ಒಗ್ಗುತ್ತಿಲ್ಲ. ‘ಬೆರೆಸುತ್ತಾರೆ’, ‘ಕಲಸುತ್ತಾರೆ’, ‘ತಳುಕು ಹಾಕುತ್ತಾರೆ’ ಎಂದೆಲ್ಲ ಬದಲಿಸಿ ನೋಡಿದೆ. ಯಾವುದೂ ಪೂರ್ತಿ ಹೊಂದಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಸುದ್ದಿಮನೆಯ ಹಳಬ:

ನಿಮ್ಮ ಕಿವಿ ಸರಿಯಾಗಿಯೇ ಇದೆ. ಗೊಂದಲ ಎಂಬುದು ಮನಸ್ಸಿನ ಅಥವಾ ಸನ್ನಿವೇಶದ ಸ್ಥಿತಿ. ಗೊಂದಲವಾಗುತ್ತದೆ, ಗೊಂದಲಕ್ಕೆ ಬೀಳುತ್ತೇವೆ, ಬೇಕಾದವರು ಗೊಂದಲ ಎಬ್ಬಿಸುತ್ತಾರೆ. ಆದರೆ ಒಂದನ್ನು ಇನ್ನೊಂದರೊಂದಿಗೆ ‘ಗೊಂದಲಿಸುವ’ ರೂಢಿ ಕನ್ನಡದಲ್ಲಿಲ್ಲ. ವ್ಯಾಕರಣವನ್ನು ಬದಿಗಿಟ್ಟರೂ ಅರ್ಥ ಕೂಡುವುದಿಲ್ಲ. ನಿಮ್ಮ ಲೇಖಕರು ಹೇಳುತ್ತಿರುವ ಜನ ಗೊಂದಲದಲ್ಲಿ ಇಲ್ಲವೇ ಇಲ್ಲ. ಅವರಿಗೆ ತಮ್ಮ ಮಾತಿನ ಮೇಲೆ ಪೂರ್ಣ ಭರವಸೆಯಿದೆ. ಗೊಂದಲವಿದ್ದಿದ್ದರೆ ಯಾರನ್ನಾದರೂ ಒಂದು ಮಾತು ಕೇಳುತ್ತಿದ್ದರು.

‘ಬೆರೆಸು’ ಹೊಂದದಿರುವುದಕ್ಕೂ ಇಂಥದೇ ಕಾರಣವಿದೆ. ಹಾಲಿಗೆ ನೀರು ಬೆರೆಸುವವನಿಗೆ ಯಾವುದು ಹಾಲು, ಯಾವುದು ನೀರು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ‘ಧರ್ಮಕ್ಕೆ ರಾಜಕೀಯ ಬೆರೆಸಬೇಡಿ’ ಎಂದು ಎಚ್ಚರಿಸುವಾಗಲೂ, ಕೇಳುವವರು ಎರಡನ್ನೂ ಬೇರೆ ಬೇರೆಯಾಗಿ ಬಲ್ಲರು, ಬಲ್ಲವರಾಗಿಯೂ ಬೆರೆಸುತ್ತಿದ್ದಾರೆ ಎಂಬ ಆಕ್ಷೇಪ ಅದರೊಳಗೇ ಇರುತ್ತದೆ. ತಳುಕು ಹಾಕಿದರೆ ಎರಡು ಎರಡಾಗಿಯೇ ಉಳಿದು, ನಡುವೆ ಇಲ್ಲದ ಸಂಬಂಧವೊಂದು ಹುಟ್ಟುತ್ತದೆ. ನಿಮಗೆ ಬೇಕಾಗಿರುವುದು ಎರಡಿವೆ ಎಂಬುದೇ ತಿಳಿಯದ ಸ್ಥಿತಿಗೆ ಹೊಂದುವ ಮಾತು. ಅದಕ್ಕೆ ಒಂದೇ ಪದವನ್ನು ಹುಡುಕುವ ಹಟ ಬಿಟ್ಟು ‘ಹವಾಮಾನವೂ ವಾಯುಗುಣವೂ ಒಂದೇ ಎಂದುಕೊಂಡಿದ್ದಾರೆ’ ಎಂದು ಬರೆದರೆ ಯಾವ ಓದುಗನೂ ಎಡವುವುದಿಲ್ಲ.

ಕೋಲಾರ ಸೀಮೆಯವಳು:

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಬೆರೆಯುವುದೆಲ್ಲ ನಮ್ಮ ನುಡಿಯಲ್ಲಿ ದೋಷವೇ ಎಂಬಂತೆ ಕೇಳಿಸಬಾರದೆಂದು ಇಷ್ಟನ್ನು ಸೇರಿಸುತ್ತಿದ್ದೇನೆ. ‘ಕಲಬೆರಕೆ’ ಎಂದೊಡನೆ ಮೂಗು ಮುರಿಯುತ್ತೇವೆ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದು, ಕಾನೂನಿನ ಹೆಸರಿನಿಂದ ಆ ಪದ ಬಿಟ್ಟುಹೋದರೂ ಜನರ ಬಾಯಿಂದ ಹೋಗಿಲ್ಲ. ಅದೇ ಪದದ ಅರ್ಧಭಾಗವಾದ ‘ಬೆರಕೆ’ ನಮ್ಮ ಕಡೆ ಬೈಗುಳವಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಹೊನಗೊನೆ, ಗಣಿಕೆ ಮುಂತಾದವನ್ನು ಆಯ್ದು ತಂದರೆ ಅದು ಬೆರಕೆ ಸೊಪ್ಪು. ಬೇಳೆಯೊಂದಿಗೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರು ಮಾಡಿದರೆ ಬಸ್ಸಾರು, ಎಲ್ಲವನ್ನೂ ಮಸೆದರೆ ಮಸ್ಸೊಪ್ಪು. ಒಂದೇ ಬಗೆಯ ಸೊಪ್ಪಿನಲ್ಲಿ ಆ ರುಚಿ ಬರುವುದಿಲ್ಲವೆಂದು ನಮ್ಮ ಮನೆಯ ಹಿರಿಯರು ಈಗಲೂ ವಾದಿಸುತ್ತಾರೆ. ‘ಎಲ್ಲರೊಂದಿಗೆ ಬೆರೆಯುವ ಹುಡುಗಿ’ ಎಂಬುದಂತೂ ಶುದ್ಧ ಹೊಗಳಿಕೆ.

ಧಾರವಾಡದವ:

ನಮ್ಮ ಕಡೆ ‘ಅಂವ ಭಾರೀ ಬೆರಕಿ ಇದ್ದಾನ’ ಎಂದರೆ ಆಸಾಮಿ ಬಲು ಚಾಲಾಕಿ, ಅವನ ಮಾತಿನಲ್ಲಿ ನಿಜವೆಷ್ಟು ಸುಳ್ಳೆಷ್ಟು ಎಂದು ಗುರುತಿಸುವುದು ಕಷ್ಟ ಎಂದರ್ಥ. ಹೀಗಾಗಿ ಕೋಲಾರದ ಅಕ್ಕನವರು ಇಲ್ಲಿಗೆ ಬಂದಾಗ ಸೊಪ್ಪಿಗಷ್ಟೇ ಆ ಪದವನ್ನು ಬಳಸುವುದು ಕ್ಷೇಮ.

ಹಳಗನ್ನಡ ಮೇಷ್ಟ್ರು:

ಬೆರಕೆಯ ಬಗೆಗಳನ್ನು ನಮ್ಮ ಹಿಂದಿನವರು ಬಹು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ಒಂದೇ ಪದ್ಯದಲ್ಲಿ ಎರಡು ಅಲಂಕಾರಗಳು ಎಳ್ಳು ಅಕ್ಕಿ ಸೇರಿದಂತೆ, ಅಂದರೆ ಬೇಕೆಂದಾಗ ಬೇರೆಯಾಗಿ ಗುರುತಿಸಬಹುದಾದಂತೆ ಕೂಡಿದ್ದರೆ ಅಲಂಕಾರಶಾಸ್ತ್ರ ಅದನ್ನು ಸಂಸೃಷ್ಟಿ ಎನ್ನುತ್ತದೆ. ಹಾಲು ನೀರು ಸೇರಿದಂತೆ, ಬೇರ್ಪಡಿಸಲಾಗದ ಹಾಗೆ ಕೂಡಿದ್ದರೆ ಅದು ಸಂಕರ. ಎರಡೂ ದೋಷಗಳಲ್ಲ.

ದೋಷದ ಮಾತು ಬರುವುದು ಅರಿಸಮಾಸದಲ್ಲಿ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಸೇರಿಸಿ ಸಮಾಸ ಮಾಡಬಾರದೆಂಬ ಆಕ್ಷೇಪ 9ನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಇದೆ. 13ನೆಯ ಶತಮಾನದ ಕೇಶಿರಾಜನೂ ಅದನ್ನು ಒಪ್ಪಿ, ಬಿರುದಾವಳಿಗೆ ಮತ್ತು ಹಿಂದಿನ ಕವಿಗಳು ಬಳಸಿದ ಪ್ರಯೋಗಗಳಿಗೆ ವಿನಾಯಿತಿ ಕೊಟ್ಟಿದ್ದಾನೆ. 12ನೆಯ ಶತಮಾನದಲ್ಲಿ ಮುಳಗುಂದದ ನಯಸೇನ, ಅಚ್ಚಗನ್ನಡದಲ್ಲಿ ಸಂಸ್ಕೃತವನ್ನು ತಂದಿಕ್ಕುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿದ. ಹಾಗೆ ಹೋಲಿಸುವಾಗ ಅವನು ಬಳಸಿದ್ದು ಮಾತ್ರ ‘ಘೃತ’ ಮತ್ತು ‘ತೈಲ’ ಎಂಬ ಸಂಸ್ಕೃತ ಪದಗಳನ್ನೇ! ಇಂದಿನ ‘ಜಿಲ್ಲಾಧಿಕಾರಿ’ಯಲ್ಲಿ ಅರಬ್ಬಿ ಮೂಲದ ಜಿಲ್ಲೆ ಸಂಸ್ಕೃತದ ಅಧಿಕಾರಿಯೊಂದಿಗೆ ಸವರ್ಣದೀರ್ಘ ಸಂಧಿಯನ್ನೂ ಮಾಡಿಕೊಂಡು ಕುಳಿತಿದೆ. ಪ್ರಶ್ನೆ ಕೇಳಿದವರ ‘ಹವಾಮಾನ’ವೂ ಅರಬ್ಬಿಯ ಹವಾಕ್ಕೆ ಸಂಸ್ಕೃತದ ಮಾನ ಕೂಡಿದ ಪದವೇ.

ಪ್ರಶ್ನೆಗೆ ಬಂದರೆ, ಈ ತಪ್ಪಿಗೆ ‘ಅಧ್ಯಾಸ’ ಎಂಬ ಸಿದ್ಧ ಪದವಿದೆ. ಅದಲ್ಲದ್ದರಲ್ಲಿ ಅದೆಂಬ ಬುದ್ಧಿಯೇ ಅಧ್ಯಾಸವೆಂದು ಶಂಕರರು ಬ್ರಹ್ಮಸೂತ್ರಭಾಷ್ಯದ ಮೊದಲಿಗೇ ಹೇಳುತ್ತಾರೆ. ಚಿಪ್ಪನ್ನು ಬೆಳ್ಳಿಯೆಂದು ಕಾಣುವುದು ಅಲ್ಲಿಯ ಉದಾಹರಣೆ.

ಸುದ್ದಿಮನೆಯ ಹಳಬ:

ಮೇಷ್ಟ್ರೇ, ಅಧ್ಯಾಸ ಪಾಠಕ್ಕೆ ಸರಿ, ಪತ್ರಿಕೆಗೆ ಭಾರ. ಅಲ್ಲದೆ ಚಿಪ್ಪನ್ನು ಬೆಳ್ಳಿಯೆಂದು ಕಂಡವನಿಗೆ ಬೆಳ್ಳಿ ಏನೆಂಬುದು ಮೊದಲೇ ಗೊತ್ತಿರುತ್ತದೆ. ಇಲ್ಲಿಯ ಓದುಗನಿಗೆ ವಾಯುಗುಣವೆಂಬ ಬೇರೊಂದು ಕಲ್ಪನೆಯೇ ಪರಿಚಯವಾಗಿಲ್ಲ. ಅದಕ್ಕೆ ಪತ್ರಿಕೆಗಳ ಪಾಲೂ ಇದೆ. ಶಾಲೆಯ ಭೂಗೋಳದಲ್ಲಿ ‘ವಾಯುಗುಣ’ ಎಂದು ಕಲಿತ ಮಕ್ಕಳು ದೊಡ್ಡವರಾಗಿ ಪತ್ರಿಕೆ ತೆರೆದರೆ, ದಶಕಗಳ ಬದಲಾವಣೆಯ ಸುದ್ದಿಗೂ ‘ಹವಾಮಾನ ಬದಲಾವಣೆ’ ಎಂಬ ತಲೆಬರಹವೇ ಇರುತ್ತದೆ, ನಾಳೆಯ ಮಳೆಗೂ ‘ಹವಾಮಾನ ಮುನ್ಸೂಚನೆ’ಯೇ ಇರುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟು, ವ್ಯತ್ಯಾಸ ತಿಳಿಯದೆಂದು ಓದುಗನನ್ನು ದೂರುವುದು ನ್ಯಾಯವಲ್ಲ.

ಕರಡು ತಿದ್ದುವವಳು:

ಎಲ್ಲರಿಗೂ ಧನ್ಯವಾದಗಳು. ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ನಾಲ್ಕು ದಿನದ ಚಳಿಯನ್ನು ಕಂಡು ಭೂಮಿ ಬಿಸಿಯಾಗುತ್ತಿಲ್ಲವೆನ್ನುವವರು ಹವಾಮಾನವನ್ನೇ ವಾಯುಗುಣವೆಂದು ತಿಳಿದಿದ್ದಾರೆ.’ ‘ಒಂದೇ ಎಂದುಕೊಂಡಿದ್ದಾರೆ’ ಎಂಬ ಸಲಹೆಗಿಂತ ಇದು ಹಿಡಿಸಿತು, ಏಕೆಂದರೆ ಯಾವುದನ್ನು ಯಾವುದೆಂದು ತಿಳಿದರು ಎಂಬುದು ಇದರಲ್ಲಿ ಸ್ಪಷ್ಟವಾಗುತ್ತದೆ. ತಲೆಬರಹದಲ್ಲಿದ್ದ ‘ಹವಾಮಾನ ಬದಲಾವಣೆ’ಯನ್ನು ‘ವಾಯುಗುಣ ಬದಲಾವಣೆ’ ಎಂದು ಮಾಡಿ ಕಳುಹಿಸುತ್ತಿದ್ದೇನೆ. ಸಂಪಾದಕರು ಅದನ್ನು ಉಳಿಸುತ್ತಾರೋ ಇಲ್ಲವೋ ನೋಡಬೇಕು.