ಫೈರ್‌ಫಾಕ್ಸ್‌ಗೆ ಕೀಪಾಸ್‌ಎಕ್ಸ್‌ಸಿ ಕನೆಕ್ಟ್ ಆಗ್ತಿಲ್ಲ, ತಲೆ ಕೆಟ್ಟುಹೋಗಿದೆ

ಬದಿಯಡ್ಕ_ಮಾಷ್ಟ್ರು:
ಮೂರು ದಿನದಿಂದ ಇದೇ ಕೆಲಸ. ಪಾಸ್‌ವರ್ಡ್ ಇಡುವ ಕೀಪಾಸ್‌ಎಕ್ಸ್‌ಸಿ ತೆರೆದೇ ಇದೆ. ಫೈರ್‌ಫಾಕ್ಸಿನಲ್ಲಿ ಹಾಕಿದ ಅದರ ಎಕ್ಸ್‌ಟೆನ್ಷನ್ ಮಾತ್ರ ಕನೆಕ್ಟ್ ಆಗುವುದಿಲ್ಲ ಅನ್ನುತ್ತದೆ. ತೆಗೆದೆ, ಮತ್ತೆ ಹಾಕಿದೆ, ರೀಸ್ಟಾರ್ಟ್ ಮಾಡಿದೆ. ನಾಳೆಯೊಳಗೆ ಮಕ್ಕಳ ಮಾರ್ಕು ಆನ್‌ಲೈನಿನಲ್ಲಿ ಹಾಕಬೇಕು. ಎಂತ ಮಾಡುವುದು?

ಉಪ್ಪಳ_ಪೆಂಗ್ವಿನ್:
ಯಾವ ಲಿನಕ್ಸ್ ಮಾಷ್ಟ್ರೇ? ಕೇರಳದ ಶಾಲೆಗಳಿಗೆ ಕೊಡುವ ಕೈಟ್ ಉಬುಂಟುವಾ? ಕೀಪಾಸ್‌ಎಕ್ಸ್‌ಸಿ ಸೆಟ್ಟಿಂಗ್ಸ್‌ನಲ್ಲಿ ಬ್ರೌಸರ್ ಇಂಟಿಗ್ರೇಷನ್ ಟಿಕ್ ಮಾಡಿದ್ದೀರಾ?

ಬದಿಯಡ್ಕ_ಮಾಷ್ಟ್ರು:
ಟಿಕ್ ಮಾಡದೆ ಇಲ್ಲಿ ಕೇಳುತ್ತೇನಾ? ಸ್ವಂತ ಲ್ಯಾಪ್‌ಟಾಪ್, ಉಬುಂಟು 24.04.

ಅಕ್ಕಲಕೋಟೆ_ಟರ್ಮಿನಲ್:
ನಿಮ್ಮ ಫೈರ್‌ಫಾಕ್ಸ್ ಸ್ನ್ಯಾಪ್ ಸರ್, ಉಳಿದದ್ದರಿಂದ ಬೇರ್ಪಡಿಸಿದ ಡಬ್ಬಿಯೊಳಗೆ ಓಡುವ ಪ್ಯಾಕೇಜ್. ಮತ್ತೇನೂ ಅಲ್ಲ. ಕಿತ್ತು ಹಾಕಿ, ಮೊಜಿಲ್ಲಾದ ಡೆಬ್ (ಮಾಮೂಲಿ ಪ್ಯಾಕೇಜ್) ಹಾಕಿ.

ಬದಿಯಡ್ಕ_ಮಾಷ್ಟ್ರು:
ಸ್ನ್ಯಾಪ್ ಅಲ್ಲ, ಆಪ್ಟ್ ಕಮಾಂಡ್‌ನಲ್ಲೇ ಹಾಕಿದ್ದು.

ಅಕ್ಕಲಕೋಟೆ_ಟರ್ಮಿನಲ್:
22.04ರಿಂದ ಉಬುಂಟುವಿನ ಆಪ್ಟ್‌ನಲ್ಲಿ ಫೈರ್‌ಫಾಕ್ಸ್ ಕೇಳಿದರೂ ಬರುವುದು ಸ್ನ್ಯಾಪೇ. 'ಸ್ನ್ಯಾಪ್ ಲಿಸ್ಟ್' ಕೊಟ್ಟು ನೋಡಿ. ನನ್ನ ಥಿಂಕ್‌ಪ್ಯಾಡ್‌ನಲ್ಲಿ ಆರ್ಚ್ ಲಿನಕ್ಸ್, ಈ ತಾಪತ್ರಯವೇ ಇಲ್ಲ.

ಹೊಸೂರು_ಅಕ್ಕ:
ಬಿಟ್‌ವಾರ್ಡನ್ ಹಾಕಿ ಸುಮ್ನಿರಿ. ಪಾಸ್‌ವರ್ಡ್ ತುಂಬಲು ಅದರ ಎಕ್ಸ್‌ಟೆನ್ಷನ್‌ಗೆ ಹೊರಗಿನ ಪ್ರೋಗ್ರಾಂ ಬೇಡ.

ಅಕ್ಕಲಕೋಟೆ_ಟರ್ಮಿನಲ್:
ಎಲ್ಲ ಪಾಸ್‌ವರ್ಡ್ ಇನ್ನೊಬ್ಬರ ಸರ್ವರ್‌ನಲ್ಲಿ. ಚೆನ್ನಾಗಿದೆ ಅಕ್ಕ.

ಹೊಸೂರು_ಅಕ್ಕ:
ನನ್ನ ಸರ್ವರ್ ನನ್ನ ಮನೆಯಲ್ಲೇ ಇದೆ, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ. ಕರೆಂಟ್ ಹೋದರೂ ಓಡುತ್ತೆ.

ಉಪ್ಪಳ_ಪೆಂಗ್ವಿನ್:
ಮಾರಾಯ್ರೆ, ಮಾಷ್ಟ್ರ ವಿಷಯಕ್ಕೆ ಬನ್ನಿ. ಮೊದಲ ಸಲ ಕನೆಕ್ಟ್ ಮಾಡುವಾಗ ಒಂದು ಕಿಟಕಿ ತೆರೆದುಕೊಂಡು ಏನಾದರೂ ಕೇಳಿತ್ತಾ?

ಬದಿಯಡ್ಕ_ಮಾಷ್ಟ್ರು:
ಸ್ನ್ಯಾಪ್ ಲಿಸ್ಟ್‌ನಲ್ಲಿ ಫೈರ್‌ಫಾಕ್ಸ್ ಉಂಟು. ನಾಚಿಕೆ. ಹೌದು, ಏನೋ ಕೇಳಿತ್ತು. ವೈರಸ್ಸೋ ಏನೋ ಅಂತ ಬೇಡ ಒತ್ತಿದೆ. ಅದನ್ನೂ ಹೇಳಬೇಕಿತ್ತಾ?

ಉಪ್ಪಳ_ಪೆಂಗ್ವಿನ್:
ಅದೊಂದನ್ನೇ ಹೇಳಬೇಕಿತ್ತು! ಸ್ನ್ಯಾಪ್ ಒಳಗಿನ ಫೈರ್‌ಫಾಕ್ಸ್ ಹೊರಗಿನ ಪ್ರೋಗ್ರಾಂ ಅನ್ನು ತಾನೇ ಓಡಿಸುವಂತಿಲ್ಲ. ಕೀಪಾಸ್‌ಎಕ್ಸ್‌ಸಿಗೆ ಮಾತು ದಾಟಿಸುವ ಪ್ರಾಕ್ಸಿಯನ್ನು ಅದಕ್ಕೆ ಶುರುಮಾಡಿ ಕೊಡುವುದು ಪೋರ್ಟಲ್ ಎಂಬ ಮಧ್ಯವರ್ತಿ, ಅದೂ ನಿಮ್ಮನ್ನು ಕೇಳಿ. ಬೇಡ ಅಂದರೆ ಬರೆದಿಟ್ಟುಕೊಳ್ಳುತ್ತದೆ, ಮತ್ತೆ ಕೇಳುವುದಿಲ್ಲ. ಎಕ್ಸ್‌ಟೆನ್ಷನ್ ನೂರು ಸಲ ತೆಗೆದು ಹಾಕಿದರೂ ಆ ಬರಹ ಅಳಿಯುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ: 'ಫ್ಲಾಟ್‌ಪ್ಯಾಕ್ ಪರ್ಮಿಷನ್-ರಿಸೆಟ್ ಸ್ನ್ಯಾಪ್.ಫೈರ್‌ಫಾಕ್ಸ್'. ಫ್ಲಾಟ್‌ಪ್ಯಾಕ್ (ಸ್ನ್ಯಾಪ್‌ನಂಥದ್ದೇ ಇನ್ನೊಂದು) ಇಲ್ಲದಿದ್ದರೆ ಆಪ್ಟ್‌ನಲ್ಲಿ ಹಾಕಿಕೊಳ್ಳಿ.

ಅಕ್ಕಲಕೋಟೆ_ಟರ್ಮಿನಲ್:
ಸ್ನ್ಯಾಪ್ ರಿಪೇರಿಗೆ ಫ್ಲಾಟ್‌ಪ್ಯಾಕ್! ಇದಕ್ಕೇ ನಾನು ಡೆಬ್ ಅಂದಿದ್ದು.

ಉಪ್ಪಳ_ಪೆಂಗ್ವಿನ್:
ಎರಡರ ಅನುಮತಿಯೂ ಒಂದೇ ಪಟ್ಟಿಯಲ್ಲಿ ಇರುವುದು. ಅದನ್ನು ತಿದ್ದಲಿಕ್ಕೆ ಈ ಕಮಾಂಡ್, ಅಷ್ಟೆ.

ಬದಿಯಡ್ಕ_ಮಾಷ್ಟ್ರು:
ಬಂತು! ಕಿಟಕಿ ಮತ್ತೆ ಕೇಳಿತು, ಈ ಸಲ ಹೌದು ಒತ್ತಿದೆ. ಈಗ ಮಾರ್ಕ್ ಹಾಕುವ ಸೈಟೇ ತೆರೆಯುತ್ತಿಲ್ಲ.

ಮಡಕಶಿರಾ_ಹುಡುಗ:
ನನ್ನ ಫೈರ್‌ಫಾಕ್ಸ್ ಫ್ಲಾಟ್‌ಪ್ಯಾಕ್‌ನದ್ದು. ಇದೇ ಕಮಾಂಡ್ ಸಾಕಾ?

ಉಪ್ಪಳ_ಪೆಂಗ್ವಿನ್:
ಸಾಲದು ತಮ್ಮಾ. ಅದಕ್ಕೆ ನಿನ್ನ ಹೋಮ್ ಫೋಲ್ಡರೇ ಪೂರ್ತಿ ಕಾಣುವುದಿಲ್ಲ. ಬೇರೆ ಥ್ರೆಡ್ ಹಾಕು. ಏನೇನು ಒತ್ತಿದ್ದೀ ಅಂತ ಮೊದಲೇ ಬರೆ.

ಹೊಸೂರು_ಅಕ್ಕ:
ಪೈ ಫೋಟೋ ಹಾಕಲಾ?