ಕಡಲ ನೀರಿನ ಟ್ಯಾಂಕಿನಲ್ಲಿ ಬಿಳಿ ಚುಕ್ಕೆ: ಹೋಗಿ ಮತ್ತೆ ಬಂದಿದೆ, ಏನು ಮಾಡಲಿ?

ಕೇಳಿದ್ದು, ಕಾಸರಗೋಡಿನಿಂದ

ನಮಸ್ಕಾರ. ಮನೆಯಲ್ಲಿ ಉಪ್ಪು ನೀರಿನ ಟ್ಯಾಂಕ್ ಇದೆ. ಎರಡು ಕ್ಲೌನ್ ಮೀನು, ಸ್ವಲ್ಪ ಕೋರಲ್, ಒಂದೆರಡು ಸಿಗಡಿ. ಈಚೆಗೆ ಒಂದು ಟ್ಯಾಂಗ್ ಮೀನು ತಂದು ಬಿಟ್ಟೆ. ಅದರ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣಿಸಿತು. ನಾಲ್ಕೈದು ದಿನದಲ್ಲಿ ತಾನೇ ಹೋಯಿತು. ಈಗ ಮತ್ತೆ ಬಂದಿದೆ, ಜಾಸ್ತಿಯೇ ಇದೆ, ಒಂದು ಕ್ಲೌನಿಗೂ ಹತ್ತಿದೆ. ಅಂಗಡಿಯವರು ಕಾಪರ್ ಮದ್ದು ಕೊಟ್ಟು ಟ್ಯಾಂಕಿಗೇ ಹಾಕಿ ಅಂದರು. ಹಾಕಬಹುದಾ? ಗೊತ್ತಿದ್ದವರು ಹೇಳಿ.

ಕುಂಬಳೆಯಿಂದ

ದಯವಿಟ್ಟು ಹಾಕಬೇಡಿ. ಕಾಪರ್ ನಿಮ್ಮ ಸಿಗಡಿ, ಕೋರಲ್ ಎರಡನ್ನೂ ಕೊಲ್ಲುತ್ತದೆ. ಕಲ್ಲು, ಮರಳು ಅದನ್ನು ಹೀರಿಕೊಳ್ಳುತ್ತವೆ. ಹಾಗಾಗಿ ನೀರಿನಲ್ಲಿ ಬೇಕಾದಷ್ಟು ಮದ್ದು ನಿಲ್ಲುವುದೂ ಇಲ್ಲ.

ಮೊದಲು ಮೀನಿನ ಉಸಿರಾಟ ನೋಡಿ. ಕಿವಿರು ಬೇಗ ಬೇಗ ಬಡಿದುಕೊಳ್ಳುತ್ತಿದೆಯಾ? ಪಂಪಿನ ನೀರು ಬರುವಲ್ಲೇ ಮುಖವಿಟ್ಟು ನಿಂತಿದೆಯಾ? ಚುಕ್ಕೆ ಬಿಡಿಬಿಡಿಯಾಗಿ ಕಾಣದೆ ಸಣ್ಣ ಧೂಳಿನಂತಿದೆಯಾ? ಹಾಗಿದ್ದರೆ ಅದು ವೆಲ್ವೆಟ್, ಅಂದರೆ ಅಮೈಲೂಡಿನಿಯಮ್ ಎಂಬ ಪರೋಪಜೀವಿ ತರುವ ರೋಗ. ಅದು ಎರಡು ಮೂರು ದಿನದಲ್ಲಿ ಇಡೀ ಟ್ಯಾಂಕನ್ನೇ ಖಾಲಿ ಮಾಡಬಲ್ಲದು, ಇವತ್ತೇ ಮೀನು ಹೊರಗೆ ತೆಗೆಯಬೇಕು. ಕ್ಲೌನಿನ ಮೈಯಿಂದ ಲೋಳೆ ಪದರ ಪದರವಾಗಿ ಕಳಚುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಇನ್ನೊಂದು ಪರೋಪಜೀವಿ. ಅದಕ್ಕೆ ಕಾಪರ್ ನಾಟುವುದಿಲ್ಲ, ಫಾರ್ಮಲಿನ್ ಬೇಕು.

ನೀವು ಹೇಳಿದ್ದು ನೋಡಿದರೆ ಇದು ಕ್ರಿಪ್ಟೋಕ್ಯಾರಿಯಾನ್, ಕಡಲ ಮೀನಿಗೆ ಬಿಳಿ ಚುಕ್ಕೆ ರೋಗ ತರುವ ಪರೋಪಜೀವಿ. ಚುಕ್ಕೆ ಹೋಗಿ ಮತ್ತೆ ಬರುವುದೇ ಅದರ ಗುರುತು. ಮೀನಿನ ಮೈಮೇಲೆ ಅದು 3ರಿಂದ 7 ದಿನ ಇರುತ್ತದೆ. ಆಮೇಲೆ ಉದುರಿ ಮರಳು, ಕಲ್ಲು, ಗಾಜಿಗೆ ಅಂಟಿ ತನ್ನ ಸುತ್ತ ಗಟ್ಟಿ ಹೊದಿಕೆಯ ಕೋಶ ಕಟ್ಟುತ್ತದೆ. ಆಗ ಮೀನು ವಾಸಿಯಾದ ಹಾಗೆ ಕಾಣುತ್ತದೆ. ಕೋಶದೊಳಗೆ ಒಂದು ನೂರಾರಾಗಿ ಒಡೆದು, ಹೆಚ್ಚಾಗಿ 3ರಿಂದ 28 ದಿನದೊಳಗೆ ಹೊರಗೆ ಬರುತ್ತದೆ. ಈಜಿಕೊಂಡು ಮೀನು ಹುಡುಕುವ ಈ ಹಂತದಲ್ಲಿ ಮಾತ್ರ ಕಾಪರ್ ಅದನ್ನು ಕೊಲ್ಲುತ್ತದೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ತಾನೇ ಸಾಯುತ್ತದೆ.

ಹಾಗಾಗಿ ಮೀನಿಗೆ ಮದ್ದು ಬೇರೆ ಕಡೆ, ಟ್ಯಾಂಕಿಗೆ ಉಪವಾಸ. ಎಲ್ಲಾ ಮೀನುಗಳನ್ನೂ ತೆಗೆಯಿರಿ. ಚುಕ್ಕೆ ಇಲ್ಲದ ಕ್ಲೌನನ್ನೂ ಬಿಡಬೇಡಿ, ರೋಗ ಉಳಿಯಲು ಒಂದು ಮೀನು ಸಾಕು. ಕೋಶ 72 ದಿನದವರೆಗೆ ತಡೆದು ಒಡೆದ ದಾಖಲೆ ಇದೆ. ಅದಕ್ಕೇ ಅನುಭವಸ್ಥರು 76 ದಿನ ಟ್ಯಾಂಕಿನಲ್ಲಿ ಮೀನು ಬಿಡಬೇಡಿ ಅನ್ನುತ್ತಾರೆ. ಉದ್ದ ಅನ್ನಿಸುತ್ತದೆ ನಿಜ, ಆದರೆ ಒಂದು ತಿಂಗಳಿಗೆ ಆತುರಪಟ್ಟು ಮೀನು ವಾಪಸ್ ಬಿಟ್ಟವರ ಟ್ಯಾಂಕಿನಲ್ಲಿ ಮತ್ತೆ ಚುಕ್ಕೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಿಗಡಿ, ಕೋರಲ್ ಅಲ್ಲೇ ಇರಲಿ. ಅವಕ್ಕೆ ಈ ರೋಗ ಹತ್ತುವುದಿಲ್ಲ.

ಮದ್ದಿನ ಟ್ಯಾಂಕಿಗೆ ಮರಳು, ಕಲ್ಲು ಬೇಡ. ಅಡಗಲು ಪಿವಿಸಿ ಪೈಪಿನ ತುಂಡು ಹಾಕಿ. ಗಾಳಿ ಚೆನ್ನಾಗಿ ಬಿಡಿ. ಕಾಪರ್ ಅಳತೆ ಸೀಸೆಯ ಮೇಲೆ ಬರೆದದ್ದೇ. ಸಾದಾ ಅಯಾನಿಕ್ ಕಾಪರ್ ಆದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಕೀಲೇಟೆಡ್ (ಬೇರೆ ರಾಸಾಯನಿಕಕ್ಕೆ ಕಟ್ಟಿಹಾಕಿದ ಕಾಪರ್) ಆದರೆ ಲೆಕ್ಕವೇ ಬೇರೆ. ಯಾವುದು ಅಂತ ತಿಳಿಯದೆ ಮುಚ್ಚಳ ತೆರೆಯಬೇಡಿ. ಟೆಸ್ಟ್ ಕಿಟ್ ಇಲ್ಲದೆ ಕಾಪರ್ ಮುಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಡಿಮೆಯಾದರೆ ರೋಗ ಸಾಯುವುದಿಲ್ಲ, ಜಾಸ್ತಿಯಾದರೆ ಮೀನು ಸಾಯುತ್ತದೆ. ಎರಡು ಮೂರು ದಿನದಲ್ಲಿ ನಿಧಾನವಾಗಿ ಏರಿಸಿ, ನಾಲ್ಕು ವಾರ ಅದೇ ಮಟ್ಟದಲ್ಲಿ ಇಡಿ. ಅಮೋನಿಯಾ ಏರಿದರೆ ನೀರು ಬದಲಿಸಿ. ಅಮೋನಿಯಾ ತೆಗೆಯುವ ದ್ರಾವಣಗಳನ್ನು ಕಾಪರ್ ಜೊತೆ ಬೆರೆಸಬೇಡಿ, ಕೆಲವು ಕಾಪರನ್ನು ಇನ್ನೂ ವಿಷ ಮಾಡುತ್ತವೆ.

ಬೆಳ್ಳುಳ್ಳಿ ರಸ, ಟ್ಯಾಂಕ್ ಬಿಸಿ ಮಾಡುವುದು, ಕ್ಲೀನರ್ ಸಿಗಡಿ ತಂದು ಬಿಡುವುದು ಎಲ್ಲಾ ನಿಮಗೆ ಹೇಳುತ್ತಾರೆ. ಯಾವುದೂ ಇದನ್ನು ವಾಸಿ ಮಾಡುವುದಿಲ್ಲ. ಬಿಸಿ ಮಾಡುವುದು ಸಿಹಿನೀರಿನ ಚುಕ್ಕೆ ರೋಗದ ಉಪಾಯ, ಅದು ಬೇರೆಯೇ ಜೀವಿ.

ಮಂಜೇಶ್ವರದಿಂದ

ಮೇಲಿನವರು ಹೇಳಿದ್ದು ಸರಿ. ಮದ್ದೇ ಇಲ್ಲದ ಒಂದು ದಾರಿ ಇದೆ. ಎರಡು ಟಬ್ ಸಾಕು. 72 ಗಂಟೆಗೊಮ್ಮೆ ಮೀನನ್ನು ಹೊಸ ನೀರಿನ ಟಬ್ಬಿಗೆ ಬದಲಿಸುವುದು, ಒಟ್ಟು ನಾಲ್ಕು ಸಲ. ಉದುರಿದ್ದು ಒಡೆಯುವ ಮೊದಲೇ ಮೀನು ಅಲ್ಲಿಂದ ಹೊರಗೆ ಬಂದಿರುತ್ತದೆ, ಅಷ್ಟೇ ಇದರ ಗುಟ್ಟು. ಹಳೇ ಟಬ್, ಬಲೆ, ಏರ್ ಕಲ್ಲು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ವೆಲ್ವೆಟ್ಟಿಗೆ ಇದು ಆಗುವುದಿಲ್ಲ, ನೆನಪಿರಲಿ.

ನೀರಿನ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ತುಂಬಾ ಜನ ಕಡಲಿಂದಲೇ ಬಾಲ್ದಿಯಲ್ಲಿ ತರುತ್ತಾರೆ. ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳ ಅಳಿವೆ ಹತ್ತಿರ ತುಂಬಿಸಬೇಡಿ. ಮಳೆಗಾಲದಲ್ಲಂತೂ ಅಲ್ಲಿ ಉಪ್ಪು ಬಹಳ ಇಳಿದಿರುತ್ತದೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಇದೆಯಾ ನೋಡಿ. ಆಗಷ್ಟೇ ತಂದ ನೀರಿನಲ್ಲಿ ರೋಗವೂ ಬರಬಹುದು. ಈ ಕೆಲಸಕ್ಕೆ ಅಕ್ವೇರಿಯಂ ಅಂಗಡಿಯ ಕಡಲುಪ್ಪಿನ ಪುಡಿ (ಅಡಿಗೆ ಉಪ್ಪಲ್ಲ) ಕಲಸಿದ ನೀರೇ ವಾಸಿ.

ಕಾಞಂಗಾಡಿನಿಂದ

ಉಪ್ಪು ಇಳಿಸುವ ಚಿಕಿತ್ಸೆ ಮಾಡುವವರಿಗೆ ಒಂದು ಮಾತು. ನೀರನ್ನು ರಿಫ್ರಾಕ್ಟೋಮೀಟರಿನ ಅದೇ ಅಳತೆಯಲ್ಲಿ 1.009ಕ್ಕೆ ಇಳಿಸಿ ಕನಿಷ್ಠ ನಾಲ್ಕು ವಾರ ಇಡಬೇಕು. ಸ್ವಲ್ಪ ಏರಿದರೂ ಫಲ ಇಲ್ಲ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು, ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಮಾಟೆ) ನೀರು ಸಾಮಾನ್ಯವಾಗಿ ಹುಳಿ ಕಡೆಗೇ ಇರುತ್ತದೆ. ಅದನ್ನೇ ಬೆರೆಸಿದರೆ ಪಿಎಚ್ ಇಳಿದು ಮೀನು ಸೋಲುತ್ತದೆ. ದಿನಾ ಪರೀಕ್ಷಿಸಿ, ಬೇಕಾದರೆ ಚೂರು ಅಡಿಗೆ ಸೋಡಾ ಕರಗಿಸಿ ಹಾಕಿ. ಕಾಪರ್ ಮತ್ತು ಇದನ್ನು ಒಟ್ಟಿಗೆ ಮಾಡಬೇಡಿ. ಕರೆಂಟ್ ಹೋಗುವ ಕಾಲ, ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ಕೇಳಿದವರು

ತುಂಬಾ ಉಪಕಾರವಾಯಿತು. ಉಸಿರಾಟ ನೋಡಿದೆ, ಸರಿಯಾಗಿಯೇ ಇದೆ. ಮದ್ದಿನ ಸೀಸೆ ತೆರೆದಿಲ್ಲ. ಇನ್ನು ಮುಂದೆ ಹೊಸ ಸಿಗಡಿ ತಂದರೆ ನೇರ ಬಿಡಬಹುದಾ?

ಕುಂಬಳೆಯಿಂದ

ಬೇಡ. ಸಿಗಡಿಗೆ ರೋಗ ಹತ್ತದಿದ್ದರೂ ಅದರ ಚಿಪ್ಪಿಗೆ, ಕೋರಲಿನ ಕಲ್ಲಿಗೆ ಕೋಶ ಅಂಟಿಕೊಂಡು ಬರಬಹುದು. ಅವನ್ನೂ ಮೀನಿಲ್ಲದ ಟಬ್ಬಿನಲ್ಲಿ ಅದೇ 76 ದಿನ ಇಟ್ಟು ಆಮೇಲೆ ಟ್ಯಾಂಕಿಗೆ ಬಿಡಿ. ಹೊಸ ಮೀನಾದರೆ ಬೇರೆ ಟ್ಯಾಂಕಿನಲ್ಲಿ ಇಟ್ಟು, ಮಂಜೇಶ್ವರದವರು ಹೇಳಿದ ಹಾಗೆ ಟಬ್ ಬದಲಿಸಿ, ಆಮೇಲೂ ಒಂದೆರಡು ವಾರ ಗಮನಿಸಿ ತನ್ನಿ.