ಹಳ್ಳಿಯ ದವಾಖಾನೆ ತನ್ನ ರೋಗಿಗಳಿಗೆ ಏನನ್ನು, ಯಾವಾಗ, ಹೇಗೆ ತಿಳಿಸಬೇಕು: ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಒಬ್ಬರೇ ವೈದ್ಯರಿರುವ ಹಳ್ಳಿಯ ದವಾಖಾನೆಯಲ್ಲಿ ನಾನು ದಾದಿ. ವೈದ್ಯರು ರಜೆಯ ಮೇಲೆ ಹೋಗುವಾಗ ಬಾಗಿಲಿಗೆ ಚೀಟಿ ಅಂಟಿಸುತ್ತೇವೆ, ಮೊಬೈಲ್ ಗುಂಪಿಗೂ ಸಂದೇಶ ಹಾಕುತ್ತೇವೆ. ಆದರೂ ದೂರದಿಂದ ಬಂದವರು ಮುಚ್ಚಿದ ಬಾಗಿಲು ನೋಡಿ ಹಿಂದಿರುಗುವುದು ತಪ್ಪಿಲ್ಲ. ನಾವು ಏನನ್ನು ಬದಲಿಸಬೇಕು?

ಉತ್ತರ: ಬಾಗಿಲಿನ ಚೀಟಿ ಬಾಗಿಲವರೆಗೆ ಬಂದವರಿಗೆ ಮಾತ್ರ ಕಾಣುತ್ತದೆ, ಅಷ್ಟರಲ್ಲಿ ಅವರ ಅರ್ಧ ದಿನ ಕಳೆದಿರುತ್ತದೆ. ಆದ್ದರಿಂದ ರಜೆಯ ವಿಷಯ ಊರಿಗೆಲ್ಲ ಒಂದೇ ರೀತಿಯಲ್ಲಿ ಮುಟ್ಟಬೇಕು ಎಂದು ಯೋಚಿಸುವ ಬದಲು, ಆ ದಿನಗಳಲ್ಲಿ ಯಾರಿಗೆ ತೊಂದರೆಯಾಗಬಹುದು ಎಂಬುದನ್ನು ಮೊದಲು ಗುರುತಿಸಿ. ವೈದ್ಯರು ಹತ್ತು ದಿನ ಇರುವುದಿಲ್ಲ ಎಂದಾದರೆ, ಆ ಹತ್ತು ದಿನಗಳೊಳಗೆ ಯಾರ ಮಾತ್ರೆ ಮುಗಿಯುತ್ತದೆ ಎಂಬುದು ನಿಮ್ಮ ದಾಖಲೆ ಪುಸ್ತಕದಲ್ಲೇ ಇದೆ. ಮೂರ್ಛೆರೋಗದ ಮಾತ್ರೆ ಹಠಾತ್ತನೆ ನಿಂತರೆ ಫಿಟ್ಸ್ ಮರುಕಳಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು, ರಕ್ತದೊತ್ತಡದವರು, ಕ್ಷಯದ ಚಿಕಿತ್ಸೆಯ ನಡುವಿನಲ್ಲಿರುವವರು, ಹೆರಿಗೆಗೆ ದಿನ ಹತ್ತಿರವಾದವರು, ಇವರೆಲ್ಲರಿಗೆ ರಜೆ ಆರಂಭವಾಗುವ ಮೊದಲೇ ಒಬ್ಬೊಬ್ಬರಿಗೂ ಕರೆ ಮಾಡಿ ಅಥವಾ ಮನೆಯವರ ಮೂಲಕ ಹೇಳಿ ಕಳುಹಿಸಿ, ಬೇಕಾದ ಔಷಧಿಯನ್ನು ಮುಂಚಿತವಾಗಿ ಕೊಟ್ಟುಬಿಡಿ. ಒಂದು ಚಿಕ್ಕ ದವಾಖಾನೆಯಲ್ಲಿ ಈ ಪಟ್ಟಿ ಬಹಳ ಉದ್ದವಿರುವುದಿಲ್ಲ. ಗುಂಪಿಗೆ ಹಾಕುವ ಹತ್ತು ಸಂದೇಶಗಳಿಗಿಂತ ಈ ಕರೆಗಳು ಹೆಚ್ಚು ಕೆಲಸ ಮಾಡುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಚೀಟಿಯ ವಿಷಯ. ‘ವೈದ್ಯರು ಇಂದು ಇಲ್ಲ’ ಎಂಬ ಬರಹದಲ್ಲಿ ‘ಇಂದು’ ಯಾವ ದಿನವೆಂದು ಓದುವವರಿಗೆ ತಿಳಿಯುವುದಿಲ್ಲ. ದಿನಾಂಕ, ವಾರ, ಮತ್ತೆ ಬಾಗಿಲು ತೆರೆಯುವ ದಿನ, ಅಲ್ಲಿಯವರೆಗೆ ಹೋಗಬೇಕಾದ ಸ್ಥಳ, ಈ ನಾಲ್ಕೂ ಇರಬೇಕು. ಅವಧಿ ಮುಗಿದ ಚೀಟಿಯನ್ನು ಅದೇ ದಿನ ತೆಗೆಯಬೇಕು, ಏಕೆಂದರೆ ಹಳೆಯ ಚೀಟಿಗಳ ನಡುವೆ ಅಂಟಿಸಿದ ಹೊಸ ಚೀಟಿಯನ್ನು ಯಾರೂ ಓದುವುದಿಲ್ಲ.

ಇದರ ಹೊರತಾಗಿ, ಎಂದೂ ತೆಗೆಯದ ಒಂದು ಫಲಕವೂ ಹೊರಗೋಡೆಯ ಮೇಲೆ ಇರಲಿ. ಎದೆನೋವು, ಉಸಿರಾಟದ ತೊಂದರೆ, ಮುಖ ಅಥವಾ ಕೈಕಾಲಿನ ಒಂದು ಬದಿ ಇದ್ದಕ್ಕಿದ್ದಂತೆ ಸೋಲುವುದು, ಗರ್ಭಿಣಿಗೆ ರಕ್ತಸ್ರಾವ, ಮಗುವಿಗೆ ಫಿಟ್ಸ್, ಹಾವಿನ ಕಡಿತ, ಇಂಥವುಗಳಿಗೆ ನಮ್ಮ ಬಾಗಿಲು ತೆರೆಯುವುದನ್ನು ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿರಬೇಕು. ಹಾವು ಕಡಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಆ ಅಂಗವನ್ನು ಅಲುಗಾಡಿಸದೆ ರೋಗಿಯನ್ನು ಸಾಗಿಸಬೇಕು ಎಂಬ ಸಾಲನ್ನೂ ಸೇರಿಸಿ. ಬಾಗಿಲು ಮುಚ್ಚಿರುವ ರಾತ್ರಿಯಲ್ಲಿ ದವಾಖಾನೆ ಕೊಡಬಹುದಾದ ಸಹಾಯವೆಂದರೆ ಆ ಫಲಕ ಮಾತ್ರ.

ಪ್ರಶ್ನೆ: ನಮ್ಮ ಊರಿನ ದವಾಖಾನೆಯವರು ರಕ್ತಪರೀಕ್ಷೆಯ ವರದಿ ಬಂದವರ ಹೆಸರುಗಳನ್ನು, ಯಾವ ಪರೀಕ್ಷೆ ಎಂಬುದರ ಸಮೇತ, ಎಲ್ಲರೂ ಇರುವ ಗುಂಪಿನಲ್ಲಿ ಹಾಕುತ್ತಾರೆ. ಎಲ್ಲರಿಗೂ ಅನುಕೂಲವಾಗಲಿ ಎಂಬುದು ಅವರ ಉದ್ದೇಶ. ನನಗೆ ಇದು ಸರಿ ಕಾಣುವುದಿಲ್ಲ. ಹೇಳಿದರೆ ಬೇಸರಪಟ್ಟಾರೆಂದು ಸುಮ್ಮನಿದ್ದೇನೆ.

ಉತ್ತರ: ದಯವಿಟ್ಟು ಹೇಳಿ. ಉದ್ದೇಶ ಒಳ್ಳೆಯದಿದ್ದರೂ ಇದು ಸಲ್ಲದ ಕ್ರಮ. ರೋಗಿಯ ಗುಟ್ಟನ್ನು ಕಾಯುವುದು ಹಿಪೊಕ್ರೆಟಿಸ್‌ನ ಹೆಸರಿನ ಪ್ರಾಚೀನ ಪ್ರತಿಜ್ಞೆಯಲ್ಲೇ ಇದೆ. ಜಾಗತಿಕ ವೈದ್ಯಕೀಯ ಸಂಘವು 1948ರಲ್ಲಿ ಅಂಗೀಕರಿಸಿದ ಜಿನೀವಾ ಘೋಷಣೆಯ ಈಗಿನ ರೂಪವಂತೂ ರೋಗಿ ತೀರಿಹೋದ ಬಳಿಕವೂ ಅವರು ನಂಬಿ ಹೇಳಿದ್ದನ್ನು ಹೊರಗೆಡವಬಾರದು ಎನ್ನುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಈ ನಿಯಮಕ್ಕೆ ಪಟ್ಟಣಕ್ಕಿಂತ ಹೆಚ್ಚಿನ ತೂಕವಿದೆ. ಫಲಿತಾಂಶವನ್ನೇ ಬರೆಯದಿದ್ದರೂ, ಕ್ಷಯದ ಗುಮಾನಿ ಹುಟ್ಟಿಸುವ ಕಫದ ಪರೀಕ್ಷೆ ಎಂಬ ಎರಡು ಪದಗಳಿಂದಲೇ ಒಬ್ಬರ ಮದುವೆಯ ಮಾತುಕತೆ ಮುರಿಯಬಹುದು, ಗರ್ಭದ ಪರೀಕ್ಷೆ ಎಂಬ ಪದದಿಂದ ಒಬ್ಬ ಹೆಣ್ಣುಮಗಳಿಗೆ ಮನೆಯಲ್ಲಿ ಅಪಾಯವೂ ಒದಗಬಹುದು. ಒಮ್ಮೆ ಹೀಗಾದರೆ ಉಳಿದವರು ಪರೀಕ್ಷೆಗೇ ಬರುವುದಿಲ್ಲ, ಮತ್ತು ಅವರು ಬಾರದಿದ್ದುದಕ್ಕೆ ಕಾರಣವೇನೆಂದು ದವಾಖಾನೆಗೆ ಎಂದೂ ತಿಳಿಯುವುದಿಲ್ಲ.

ಗುಂಪಿಗೆ ಹೋಗಬೇಕಾದದ್ದು ಎಲ್ಲರಿಗೂ ಸಮಾನವಾಗಿ ಸಂಬಂಧಿಸಿದ ವಿಷಯ ಮಾತ್ರ: ಸಮಯದ ಬದಲಾವಣೆ, ಲಸಿಕೆಯ ದಿನ, ಕುಡಿಯುವ ನೀರು ಕೆಟ್ಟಿದ್ದರೆ ಕುದಿಸಿ ಕುಡಿಯಿರಿ ಎಂಬ ಸೂಚನೆ. ಒಬ್ಬ ವ್ಯಕ್ತಿಯ ಹೆಸರು ಬರುವ ಯಾವುದೂ ಅಲ್ಲಿ ಇರಕೂಡದು. ಸಾಮಾನ್ಯ ಗುಂಪಿನಲ್ಲಿ ಸದಸ್ಯರ ಫೋನ್ ಸಂಖ್ಯೆಗಳು ಪರಸ್ಪರ ಕಾಣುವುದರಿಂದ, ‘ಸಕ್ಕರೆ ಕಾಯಿಲೆಯವರ ಗುಂಪು’ ಎಂಬ ಹೆಸರಿನಲ್ಲಿ ಗುಂಪು ಮಾಡುವುದೂ ಗುಟ್ಟು ಬಯಲು ಮಾಡಿದಂತೆಯೇ ಆಗುತ್ತದೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ತಲುಪುವ ಸಂದೇಶವೇ ಸರಿಯಾದ ದಾರಿ.

ಅದರಲ್ಲೂ ಒಂದು ಎಚ್ಚರ ಬೇಕು. ಬಹಳ ಮನೆಗಳಲ್ಲಿ ಒಂದೇ ಫೋನ್ ಇರುತ್ತದೆ, ಅದು ಇರುವುದು ಬೇರೆಯವರ ಕೈಯಲ್ಲಿ. ಆದ್ದರಿಂದ ಸಂದೇಶದಲ್ಲಿ ಕಾಯಿಲೆಯ ಹೆಸರಾಗಲಿ ಔಷಧಿಯ ಹೆಸರಾಗಲಿ ಇರದೆ, ಇಂಥ ದಿನ ದವಾಖಾನೆಗೆ ಬನ್ನಿ ಎಂದಷ್ಟೇ ಇರಲಿ. ಮೊದಲ ಬಾರಿ ಹೆಸರು ಬರೆಸಲು ಬಂದಾಗಲೇ, ‘ನಿಮಗೆ ವಿಷಯ ತಿಳಿಸಬೇಕಾದರೆ ಹೇಗೆ ತಿಳಿಸಲಿ, ಬೇರೆ ಯಾರಿಗಾದರೂ ಹೇಳಬಹುದೇ’ ಎಂದು ರೋಗಿಯೊಬ್ಬರನ್ನೇ ಕೇಳಿ, ಉತ್ತರವನ್ನು ಅವರ ಕಾರ್ಡಿನ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ.

ಪ್ರಶ್ನೆ: ಪರೀಕ್ಷೆಯ ವರದಿಯಲ್ಲಿ ತೊಂದರೆ ಇದ್ದರೆ ಮಾತ್ರ ಕರೆಯುತ್ತೇವೆ, ಕರೆ ಬಾರದಿದ್ದರೆ ಎಲ್ಲ ಸರಿಯಿದೆ ಎಂದು ತಿಳಿಯಿರಿ ಎಂದು ನಮ್ಮ ವೈದ್ಯರು ಹೇಳುತ್ತಾರೆ. ಇದನ್ನು ನಂಬಬಹುದೇ?

ಉತ್ತರ: ನಂಬಬೇಡಿ. ವರದಿ ದಾರಿಯಲ್ಲಿ ಕಳೆದುಹೋದರೂ, ಮಾದರಿ ಕೆಟ್ಟು ಪರೀಕ್ಷೆಯೇ ಆಗದಿದ್ದರೂ, ಫೋನ್ ಸಂಖ್ಯೆ ತಪ್ಪಿದ್ದರೂ ಕರೆ ಬರುವುದಿಲ್ಲ. ಆ ಮೌನಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲ. ಮಾದರಿ ಕೊಡುವಾಗಲೇ ವರದಿ ಯಾವ ದಿನ ಬರುತ್ತದೆ ಎಂದು ಕೇಳಿ ಬರೆಸಿಕೊಳ್ಳಿ, ಆ ದಿನ ದಾಟಿದರೆ ನೀವೇ ವಿಚಾರಿಸಿ. ದವಾಖಾನೆಯ ಕಡೆಯಿಂದ, ಕಳುಹಿಸಿದ ಪ್ರತಿಯೊಂದು ಮಾದರಿಗೂ ಒಂದು ಪುಸ್ತಕದಲ್ಲಿ ಸಾಲು ಇದ್ದು, ವರದಿ ಬಂದದ್ದು ಮತ್ತು ರೋಗಿಗೆ ತಿಳಿಸಿದ್ದು ಎರಡೂ ದಾಖಲಾಗುವವರೆಗೆ ಆ ಸಾಲು ತೆರೆದೇ ಇರಬೇಕು. ಫಲಿತಾಂಶ ಸಹಜವಾಗಿದ್ದರೂ ತಿಳಿಸಲೇಬೇಕು.

ಪ್ರಶ್ನೆ: ನಮ್ಮಲ್ಲಿ ಬರುವ ಹಿರಿಯರಲ್ಲಿ ಹಲವರಿಗೆ ಓದು ಬಾರದು. ಮಾತಿನಲ್ಲಿ ಎಷ್ಟು ವಿವರಿಸಿದರೂ ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಾರೆ. ಕಿರಿಯ ವೈದ್ಯೆಯಾದ ನನಗೆ ಇನ್ನೂ ನಿಧಾನವಾಗಿ ಹೇಳುವುದರ ಹೊರತು ಬೇರೆ ದಾರಿ ತೋಚುತ್ತಿಲ್ಲ.

ಉತ್ತರ: ಮರೆಯುವುದು ಓದು ಬಾರದವರಷ್ಟೇ ಅಲ್ಲ. ಈ ವಿಷಯವನ್ನು ಪರಾಮರ್ಶಿಸಿ ಸಂಶೋಧಕ ರಾಯ್ ಕೆಸೆಲ್ಸ್ ಅವರು 2003ರಲ್ಲಿ ಬರೆದ ಲೇಖನದ ಪ್ರಕಾರ, ವೈದ್ಯರು ಹೇಳಿದ್ದರಲ್ಲಿ ಶೇಕಡಾ 40ರಿಂದ 80ರಷ್ಟು ಕೂಡಲೇ ಮರೆತುಹೋಗುತ್ತದೆ, ನೆನಪಿನಲ್ಲಿ ಉಳಿದದ್ದರಲ್ಲೂ ಅರ್ಧದಷ್ಟು ತಪ್ಪಾಗಿರುತ್ತದೆ. ಹೇಳಿದ ವಿಷಯ ಹೆಚ್ಚಾದಷ್ಟೂ ಮರೆಯುವ ಪಾಲೂ ಹೆಚ್ಚುತ್ತದೆ. ಆದ್ದರಿಂದ ನಿಧಾನವಾಗಿ ಹೇಳುವುದಕ್ಕಿಂತ ಕಡಿಮೆ ಹೇಳುವುದು ಮುಖ್ಯ. ಒಂದು ಭೇಟಿಯಲ್ಲಿ ರೋಗಿ ಹೊತ್ತೊಯ್ಯಲೇಬೇಕಾದ ಎರಡು ಮೂರು ಮಾತುಗಳನ್ನು ಆರಿಸಿಕೊಂಡು, ಬಹಳ ಮುಖ್ಯವಾದದ್ದನ್ನು ಮೊದಲು ಹೇಳಿ. ಉಳಿದದ್ದು ಮುಂದಿನ ಭೇಟಿಗೆ ಇರಲಿ.

ಬಳಿಕ, ‘ಅರ್ಥವಾಯಿತೇ’ ಎಂದು ಕೇಳಬೇಡಿ. ಗೌರವಕ್ಕೋ ಸಂಕೋಚಕ್ಕೋ ಎಲ್ಲರೂ ಹೌದೆಂದೇ ತಲೆಯಾಡಿಸುತ್ತಾರೆ. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಮನೆಗೆ ಹೋಗಿ ಈ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ, ನನಗೆ ಹೇಳಿ’ ಎನ್ನಿ. ಹೀಗೆ ಕೇಳಿದಾಗ ಪರೀಕ್ಷೆಗೆ ಒಳಗಾಗುವವರು ನೀವು, ರೋಗಿಯಲ್ಲ. ಅವರು ಹೇಳಿದ್ದರಲ್ಲಿ ತಪ್ಪಿದ್ದರೆ ಅದೇ ವಾಕ್ಯವನ್ನು ಗಟ್ಟಿಯಾಗಿ ಮತ್ತೆ ಹೇಳದೆ ಬೇರೆ ಮಾತುಗಳಲ್ಲಿ ತಿಳಿಸಿ, ಮತ್ತೊಮ್ಮೆ ಹೇಳಿಸಿ. ಹೊರಗೆ ಸರದಿ ಕಾಯುತ್ತಿರುವಾಗ ಇದಕ್ಕೆ ಸಮಯವೆಲ್ಲಿ ಎಂದು ನಿಮಗೆ ಅನಿಸಬಹುದು. ತಪ್ಪು ತಿಳಿದುಕೊಂಡು ಹೋದವರು ಕಾಯಿಲೆ ಉಲ್ಬಣಿಸಿ ಮರಳಿ ಬಂದಾಗ ತಗಲುವ ಸಮಯಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಮಾತ್ರೆಯ ಪೊಟ್ಟಣದ ಮೇಲೆ ಸೂರ್ಯ, ಚಂದ್ರರ ಚಿತ್ರ ಬರೆದು, ಅದರ ಎದುರು ಎಷ್ಟು ಮಾತ್ರೆಯೋ ಅಷ್ಟು ಚುಕ್ಕಿ ಇಡುವ ಪದ್ಧತಿ ಸರಳ ಮತ್ತು ಉಪಯುಕ್ತ. ಆದರೆ ಅದೇ ಔಷಧಿ ಬೇರೆ ತಯಾರಕರಿಂದ ಬಂದು ಮಾತ್ರೆಯ ಬಣ್ಣ ಅಥವಾ ಆಕಾರ ಬದಲಾದಾಗ ಬಾಯಿಬಿಟ್ಟು ಹೇಳಲೇಬೇಕು. ಬಣ್ಣದಿಂದ ಗುರುತಿಸುವವರು ಹೊಸದನ್ನು ಬೇರೆ ಔಷಧಿಯೆಂದು ಭಾವಿಸಿ, ಹಳೆಯದರ ಜೊತೆಗೆ ಇದನ್ನೂ ನುಂಗುವ ಸಾಧ್ಯತೆ ಇದೆ, ಎರಡನ್ನೂ ಬಿಟ್ಟುಬಿಡುವ ಸಾಧ್ಯತೆಯೂ ಇದೆ.

ಪ್ರಶ್ನೆ: ನಾಯಿ ಕಡಿತಕ್ಕೆ ಮೊದಲ ಚುಚ್ಚುಮದ್ದು ಪಡೆದವರು ಗಾಯ ಮಾಗಿದ ಮೇಲೆ ಮರಳಿ ಬರುವುದೇ ಇಲ್ಲ. ಜ್ಞಾಪಿಸುವ ಸಂದೇಶಗಳಿಂದ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ: ಇದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಪರಾಮರ್ಶೆಯು, ಮೊಬೈಲಿಗೆ ಜ್ಞಾಪನೆಯ ಸಂದೇಶ ಕಳುಹಿಸಿದಾಗ ನಿಗದಿತ ದಿನಕ್ಕೆ ಬರುವವರ ಸಂಖ್ಯೆ ಹೆಚ್ಚುತ್ತದೆ ಎಂದು ಕಂಡುಕೊಂಡಿದೆ. ಆದರೆ ನಾಯಿ ಕಡಿತದವರು ಬಾರದಿರಲು ಮರೆವೊಂದೇ ಕಾರಣವಲ್ಲ, ಗಾಯ ಮಾಗಿದರೆ ಅಪಾಯ ಕಳೆಯಿತೆಂಬ ನಂಬಿಕೆಯೂ ಕಾರಣ. ರೇಬಿಸ್‌ನ ವೈರಾಣು ನರಗಳ ಮೂಲಕ ಮೆದುಳಿನತ್ತ ಸಾಗುತ್ತದೆ, ಲಕ್ಷಣ ಕಾಣಿಸಿಕೊಳ್ಳಲು ಹಲವು ವಾರಗಳೋ ತಿಂಗಳುಗಳೋ ಹಿಡಿಯಬಹುದು, ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ. ಈ ಮಾತನ್ನು ಮೊದಲ ದಿನವೇ ನೇರವಾಗಿ ಹೇಳಬೇಕು. ಗಾಯವನ್ನು ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕೆಂಬುದನ್ನು ಮಾತ್ರ ಕಡಿತಕ್ಕೆ ಮುಂಚೆಯೇ ಊರಿಗೆಲ್ಲ ತಿಳಿಸಿರಬೇಕು.

ಸ್ನಾಯುವಿಗೆ ಕೊಡುವ ಐದು ಚುಚ್ಚುಮದ್ದಿನ ಕ್ರಮದಲ್ಲಿ 0, 3, 7, 14 ಮತ್ತು 28ನೆಯ ದಿನ ಎಂದು ನಾವು ಬರೆಯುತ್ತೇವೆ, 0 ಎಂದರೆ ಮೊದಲ ಚುಚ್ಚುಮದ್ದಿನ ದಿನ. ರೋಗಿಗೆ ಈ ಅಂಕಿಗಳಿಂದ ಉಪಯೋಗವಿಲ್ಲ, ಕ್ಯಾಲೆಂಡರಿನ ತಾರೀಖು ಮತ್ತು ವಾರ ಬರೆದುಕೊಡಿ. ಜ್ಞಾಪನೆ ಹಿಂದಿನ ದಿನ ಹೋಗಲಿ. ನಿಗದಿತ ದಿನ ಸಂಜೆಯವರೆಗೂ ಬಾರದವರಿಗೆ ಸಂದೇಶ ಸಾಲದು, ಕರೆಯನ್ನೇ ಮಾಡಬೇಕು.

ಪ್ರಶ್ನೆ: ಲಸಿಕೆಯ ಬಗ್ಗೆ ಸುಳ್ಳು ಸುದ್ದಿ ಹರಡಿದಾಗ ದವಾಖಾನೆ ಉತ್ತರಿಸಬೇಕೇ, ಸುಮ್ಮನಿರಬೇಕೇ?

ಉತ್ತರ: ಉತ್ತರಿಸಬೇಕು, ಬೇಗನೆ ಉತ್ತರಿಸಬೇಕು. ದಡಾರ ಸೇರಿದ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಲೇಖನ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪತ್ರಿಕೆ ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಆ ಭಯ ಇಂದಿಗೂ ಪೂರ್ತಿ ಹೋಗಿಲ್ಲ. ಉತ್ತರಿಸುವಾಗ ಸುಳ್ಳನ್ನೇ ತಲೆಬರಹ ಮಾಡದೆ ನಿಜದಿಂದ ಆರಂಭಿಸಿ. ಅದಕ್ಕಿಂತ ಮುಖ್ಯವಾಗಿ, ಲಸಿಕೆ ಹಾಕುವ ಮೊದಲೇ, ಒಂದೆರಡು ದಿನ ಜ್ವರ ಬರಬಹುದು, ಚುಚ್ಚಿದ ಜಾಗ ಊದಬಹುದು, ಇವಲ್ಲದೆ ಇಂತಿಂಥ ಲಕ್ಷಣ ಕಂಡರೆ ಮಾತ್ರ ಕೂಡಲೇ ಕರೆತನ್ನಿ ಎಂದು ತಾಯಂದಿರಿಗೆ ಹೇಳಿ. ಮೊದಲೇ ತಿಳಿದ ಜ್ವರಕ್ಕೆ ಹೆದರುವವರು ಕಡಿಮೆ. ತಿಳಿಯದೆ ಬಂದ ಜ್ವರ ಮರುದಿನವೇ ಊರ ಸುದ್ದಿಯಾಗುತ್ತದೆ.

ಮೊದಲ ಪ್ರಶ್ನೆ ಕೇಳಿದ ದಾದಿಯಿಂದ: ಇಷ್ಟನ್ನೂ ಒಮ್ಮೆಗೇ ಮಾಡಲು ನಮ್ಮಲ್ಲಿ ಜನರಿಲ್ಲ. ಯಾವುದರಿಂದ ಆರಂಭಿಸಲಿ?

ಉತ್ತರ: ಔಷಧಿ ಯಾವ ದಿನ ಮುಗಿಯುತ್ತದೆ ಎಂಬ ಪಟ್ಟಿಯಿಂದ ಆರಂಭಿಸಿ. ನಾಳೆಯಿಂದ ಮಾತ್ರೆ ಕೊಡುವಾಗಲೆಲ್ಲ ಹೆಸರಿನ ಮುಂದೆ ಮುಗಿಯುವ ತಾರೀಖನ್ನೂ ಬರೆಯಿರಿ. ಒಂದು ತಿಂಗಳೊಳಗೆ ದೀರ್ಘಕಾಲದ ಔಷಧಿ ಪಡೆಯುವ ಬಹುತೇಕರು ಒಮ್ಮೆ ಬಂದು ಹೋಗುವುದರಿಂದ ಪಟ್ಟಿ ತಾನಾಗಿಯೇ ತುಂಬುತ್ತದೆ. ಹೊರಗೋಡೆಯ ಫಲಕವನ್ನು ಈ ವಾರವೇ ಬರೆಸಿ. ಗುಂಪಿನಲ್ಲಿ ಈಗಾಗಲೇ ರೋಗಿಗಳ ಹೆಸರಿರುವ ಸಂದೇಶಗಳಿದ್ದರೆ ಅವನ್ನು ಇಂದೇ ಅಳಿಸಿ. ಪರೀಕ್ಷೆಯ ವರದಿಗಳ ಪುಸ್ತಕವನ್ನು ಮುಂದಿನ ತಿಂಗಳು ತೆರೆಯಬಹುದು.